ಎಲ್‌ಎಂಎಸ್ ಮಹಾತ್ಮೆ

ಆ ಸುತ್ತೋಲೆಯನ್ನು ನೀವೂ ವಾಟ್ಸ್ಆಪ್‌ನಲ್ಲಿ ನೋಡಿರುತ್ತೀರಿ. ತುಮಕೂರಿನ ಕಾಲೇಜೊಂದರದ್ದು. ಹೆಸರು ಬೇಡ ಬಿಡಿ, ಯಾವ ಕಾಲೇಜಾದರೂ ಆಗಬಹುದಿತ್ತು. ಉಪನ್ಯಾಸಕರು ಇನ್ನು ಮುಂದೆ ನೋಟ್ಸನ್ನು ಸ್ವಂತ ವೆಬ್‌ಸೈಟಿಗೆ ಹಾಕುವಂತಿಲ್ಲ, ಕಾಲೇಜಿನ ಎಲ್‌ಎಂಎಸ್‌ಗೇ ಹಾಕಬೇಕು. ಎಲ್‌ಎಂಎಸ್ ಅಂದರೆ ಲಾಗಿನ್ ಆದವರಿಗಷ್ಟೇ ಪಾಠ, ಅಸೈನ್‌ಮೆಂಟು, ಅಂಕ ತೋರಿಸುವ ಆನ್‌ಲೈನ್ ಕಲಿಕಾ ವ್ಯವಸ್ಥೆ. ಹಾಕಿದ್ದಕ್ಕೆ ಸ್ಕ್ರೀನ್‌ಶಾಟ್ ತೆಗೆದು, ಪ್ರಿಂಟ್ ಹೊಡೆಸಿ, ಸಹಿ ಮಾಡಿ ಆಫೀಸಿಗೆ ಕೊಡಬೇಕು. ಕಾಗದ ಉಳಿಸಲು ಬಂದ ವ್ಯವಸ್ಥೆ ಅಲ್ವಾ ಇದು!

ಎಲ್‌ಎಂಎಸ್ ಒಳ್ಳೆಯ ವಸ್ತುವೇ. ಮೂಡಲ್ ಅನ್ನೋ ಎಲ್‌ಎಂಎಸ್ ಸಾಫ್ಟ್‌ವೇರನ್ನೇ ತಗೊಳ್ಳಿ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಕಟ್ಟಿದ್ದು, 2002ರಲ್ಲಿ ಮೊದಲ ಆವೃತ್ತಿ ಬಂತು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಹುಡುಗರು ಒಬ್ಬರಿಗೊಬ್ಬರು ಮಾತಾಡುತ್ತಾ, ಏನಾದರೂ ಮಾಡುತ್ತಾ ಕಲಿಯಲಿ ಅನ್ನೋದು ಆ ಪುಣ್ಯಾತ್ಮರ ಆಸೆ. ನಮ್ಮಲ್ಲಿ ಚರ್ಚೆಯ ಜಾಗ ತೆರೆದರೆ ಒಂದೇ ಸಾಲು ಇರುತ್ತದೆ: 'ಗುಡ್ ಮಾರ್ನಿಂಗ್ ಸಾರ್'. ಅದಕ್ಕೆ ಸಾರ್ ಕೂಡ ಉತ್ತರ ಕೊಟ್ಟಿಲ್ಲ.

ಸರ್ಕಾರಿ ಕಾಲೇಜುಗಳಿಗೆ 2021ರಲ್ಲಿ ಕರ್ನಾಟಕ ಎಲ್‌ಎಂಎಸ್ ಬಂತು. ಅಡ್ಮಿಷನ್, ಪರೀಕ್ಷೆ, ಫಲಿತಾಂಶಕ್ಕೆ ಯುಯುಸಿಎಂಎಸ್ ಅನ್ನೋ ಸರ್ಕಾರಿ ಪೋರ್ಟಲ್ ಬೇರೆ. ಜತೆಗೆ ಗೂಗಲ್ ಕ್ಲಾಸ್‌ರೂಮು. ಇಷ್ಟೂ ಪಾಸ್‌ವರ್ಡುಗಳನ್ನು ಮೇಷ್ಟ್ರುಗಳು ಡೈರಿಯ ಕೊನೆ ಪುಟದಲ್ಲಿ ಬರೆದುಕೊಂಡು, ಡೈರಿಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಟ್ಟು ಕ್ಲಾಸಿಗೆ ಹೋಗುತ್ತಾರೆ. ಭದ್ರತೆ ಅಂದರೆ ಅದು.

ಕನ್ನಡ ನೋಟ್ಸಿನ ಕಥೆ ಕೇಳಿ. ಮೇಷ್ಟ್ರು ಹತ್ತಾರು ವರ್ಷ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಅದನ್ನು ಎಲ್‌ಎಂಎಸ್‌ಗೆ ಪೇಸ್ಟ್ ಮಾಡಿದರೆ ಕನ್ನಡ ಮಾಯ. ತಲೆ ಮೇಲೆ ಟೋಪಿ, ಬಾಲಕ್ಕೆ ಕೊಂಡಿ ಇರುವ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿದರೆ ಅರ್ಕಾವತ್ತುಗಳು ದಿಕ್ಕಾಪಾಲು. ಆ ಟೋಪಿ ಅಕ್ಷರಗಳನ್ನೇ ಇಡೀ ಕ್ಲಾಸು ಒತ್ತಿ ನೋಡಿದೆ ಅಂತ ಎಲ್‌ಎಂಎಸ್‌ನ ವರದಿ ಹೇಳುತ್ತದೆ. ನೂರಕ್ಕೆ ನೂರು. ಓದಲು ಆಗುತ್ತಿಲ್ಲ ಅಂತ ಒಬ್ಬನೂ ದೂರು ಕೊಟ್ಟಿಲ್ಲ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡಕ್ಕೆ ತೋರಿಸಲು ಇದಕ್ಕಿಂತ ಚೆಂದದ ಗ್ರಾಫ್ ಬೇಕಾ?

ಸ್ವಂತ ವೆಬ್‌ಸೈಟುಗಳೇನು ಬಂಗಾರ ಅಂತ ಹೇಳುತ್ತಿಲ್ಲ. ಕೆಲವನ್ನು ನೋಡಿದ್ದೇನೆ. ಮೇಲೆ 'ಸುಸ್ವಾಗತ' ಓಡುತ್ತಿರುತ್ತದೆ. ಅದರ ಕೆಳಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿಕೊಂಡ ಫೋಟೋ. ಅದರ ಕೆಳಗೆ ಇನ್ನೊಂದು ಶಾಲು. ಕೊನೆಯಲ್ಲಿ ಭೇಟಿ ಕೊಟ್ಟವರ ಸಂಖ್ಯೆ, ಅದರಲ್ಲಿ ಅರ್ಧ ಅವರೇ. 'ಮೂರನೇ ಸೆಮಿಸ್ಟರ್ ಅರ್ಥಶಾಸ್ತ್ರ' ಅಂತ ಒತ್ತಿದರೆ 'ನಿರ್ಮಾಣ ಹಂತದಲ್ಲಿದೆ'. ನಮ್ಮೂರ ಸ್ಮಾರ್ಟ್ ಸಿಟಿ ಕಾಮಗಾರಿಯೂ ನಾಚಬೇಕು.

ಆದರೂ ಸ್ವಂತ ವೆಬ್‌ಸೈಟಿಗೆ ಲಾಗಿನ್ನಿನ ಬಾಗಿಲಿಲ್ಲ. ಪಾವಗಡದ ಹುಡುಗಿ ಬಸ್ಸಿನಲ್ಲಿ ಕೂತು ತೆರೆಯಬಹುದು. ಪಕ್ಕದ ಕಾಲೇಜಿನವನು, ಹಳೇ ಪೇಪರ್ ಬಾಕಿ ಉಳಿಸಿಕೊಂಡು ಗಾರ್ಮೆಂಟ್ಸ್‌ಗೆ ಹೋಗುತ್ತಿರುವವಳು, ಯಾರು ಬೇಕಾದರೂ. ಅಂಕ, ಹಾಜರಿ, ಅಸೈನ್‌ಮೆಂಟು ಎಲ್‌ಎಂಎಸ್ ಒಳಗಿರಲಿ. ಅವು ಊರಿಗೆಲ್ಲ ಕಾಣಬೇಕಾದ್ದಲ್ಲ. ಮಾರುಕಟ್ಟೆಯ ಬೇಡಿಕೆ, ಪೂರೈಕೆ ಅಂದರೇನು ಅನ್ನೋ ಪಾಠಕ್ಕೆ ಯಾಕಪ್ಪಾ ಬೀಗ?

ಪರಿಚಯದ ಅತಿಥಿ ಉಪನ್ಯಾಸಕಿಯೊಬ್ಬರಿದ್ದಾರೆ. ಗೂಗಲ್ ಸೈಟ್ಸ್‌ನಲ್ಲಿ ಬಿಟ್ಟಿಯಾಗಿ ಒಂದು ಪುಟ್ಟ ವೆಬ್‌ಸೈಟ್ ಮಾಡಿಕೊಂಡಿದ್ದರು. ಶಾಲಿಲ್ಲ, ಸುಸ್ವಾಗತವಿಲ್ಲ, ಬರೀ ನೋಟ್ಸು. ಹೀಗೇ ಒಂದು ಸುತ್ತೋಲೆ ತೋರಿಸಿ ಅದನ್ನು ತೆಗೆಸಿದರು. ಮನೆಯ ಹಳೇ ಲ್ಯಾಪ್‌ಟಾಪು ಅಷ್ಟರಲ್ಲೇ ಕೈಕೊಟ್ಟಿತ್ತು. ಕಾಲೇಜಿನ ಕಂಪ್ಯೂಟರಿನಲ್ಲಿ ಕೂತು ಎಲ್ಲವನ್ನೂ ಎಲ್‌ಎಂಎಸ್‌ಗೆ ತುಂಬಿದರು. ಸೆಮಿಸ್ಟರ್ ಮುಗಿಯಿತು, ಕೆಲಸ ಮುಗಿಯಿತು, ಲಾಗಿನ್ನೂ ಮುಗಿಯಿತು. 'ನನ್ನ ನೋಟ್ಸ್ ಇಳಿಸಿಕೊಳ್ಳುತ್ತೀನಿ, ಒಂದು ದಿನ ಓಪನ್ ಮಾಡಿಕೊಡಿ ಸಾರ್' ಅಂತ ಕೇಳಿದರೆ, 'ಅದು ಸಂಸ್ಥೆಯ ಆಸ್ತಿ ಮೇಡಂ' ಅಂದರಂತೆ.

ಆಸ್ತಿಯಂತೆ. ಅವರ ಸಂಬಳ ತಿಂಗಳುಗಟ್ಟಲೆ ಬಾಕಿ ಇದ್ದಾಗ ಈ ಆಸ್ತಿಯ ಲೆಕ್ಕ ಯಾರಿಗೂ ನೆನಪಾಗಲಿಲ್ಲ. ಮುಂದಿನ ವರ್ಷ ಶಿರಾದಲ್ಲೋ ಮಧುಗಿರಿಯಲ್ಲೋ ಕೆಲಸ ಸಿಕ್ಕರೆ ಅವರು ಮತ್ತೆ ಒಂದನೇ ಪುಟದಿಂದ ಶುರು ಮಾಡಬೇಕು. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೂ ಸಾಕಾಗಿದೆ.

ಕೊನೆಗೆ ನೋಟ್ಸ್ ಸಿಕ್ಕಿದ್ದು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಸೆಮಿಸ್ಟರ್‌ವಾರು, ಪೇಪರ್‌ವಾರು ಫೋಲ್ಡರ್ ಮಾಡಿ ಇಟ್ಟಿದ್ದ ಆ ಮಹಾನುಭಾವ. ಪಾಸ್‌ವರ್ಡ್ ಕೇಳಲಿಲ್ಲ, 'ಯಾವ ಸೆಮ್ಮು?' ಅಂತಷ್ಟೇ ಕೇಳಿದ. ಮೇಡಂ ತಾವೇ ಬರೆದ ನೋಟ್ಸಿಗೆ ಪುಟಕ್ಕೆ ಒಂದು ರೂಪಾಯಿ ಕೊಟ್ಟರು. ಈ ನೋಟ್ಸ್ ಚೆನ್ನಾಗಿ ಹೋಗುತ್ತೆ ಮೇಡಂ, ಸ್ಪೈರಲ್ ಬೈಂಡಿಂಗ್ ಮಾಡಿಬಿಡಲಾ ಅಂದನಂತೆ.