ಸೋಡಿಯಂ ಎಲ್ಲವೂ ಬಿಡುಗಡೆಯಾಗುವುದಿಲ್ಲ

‘ಸೋಡಿಯಂ ಪಾಲಿಅಕ್ರಿಲೇಟ್ ನೀರಿನಲ್ಲಿ ಕರಗಿದರೆ ಅಡುಗೆ ಉಪ್ಪಿನ ಹಾಗೆಯೇ ವಿದ್ಯುತ್ ಹರಿಸುತ್ತದೆ’ ಎಂಬ ಲೇಖನದ ಮಾತನ್ನು ನಾನು ಒಪ್ಪುವುದಿಲ್ಲ. ಈ ಪುಡಿಯ ಒಂದೊಂದು ಅಣುವೂ ಸೋಡಿಯಂ ಹೊತ್ತ ಉದ್ದನೆಯ ಸರಪಳಿ (ಪಾಲಿಮರ್). ಪೂರ್ತಿ ಅಯಾನೀಕರಣಗೊಂಡ, ಅಂದರೆ ಎಲ್ಲ ಆಮ್ಲ ಗುಂಪುಗಳೂ ಋಣ ವಿದ್ಯುದಂಶ ಪಡೆದ, ಆ ಸರಪಳಿಯಲ್ಲಿ ಋಣ ವಿದ್ಯುದಂಶಗಳು ಸುಮಾರು 0.25 ನ್ಯಾನೋಮೀಟರಿಗೊಂದರಂತೆ ಒತ್ತೊತ್ತಾಗಿ ಕುಳಿತಿರುತ್ತವೆ. ಇಷ್ಟು ಬಲವಾದ ಸೆಳೆತವಿರುವಾಗ ಸೋಡಿಯಂ ದೂರ ಹೋಗುವುದಾದರೂ ಹೇಗೆ? 1969ರಲ್ಲಿ ರಸಾಯನ ವಿಜ್ಞಾನಿ ಮ್ಯಾನಿಂಗ್ ಮಂಡಿಸಿದ ಸಿದ್ಧಾಂತದ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸೋಡಿಯಂ ಸರಪಳಿಯ ಮಗ್ಗುಲಲ್ಲೇ ಉಳಿಯುತ್ತದೆ; ಅಡುಗೆ ಉಪ್ಪಿನ ಸೋಡಿಯಂನಂತೆ ಸ್ವತಂತ್ರವಾಗಿ ವಿದ್ಯುತ್ ಒಯ್ಯುವುದಿಲ್ಲ. ಅದಕ್ಕೂ ಮೊದಲೇ, 1950ರಲ್ಲಿ, ವಿಕಿರಣಶೀಲ ಸೋಡಿಯಂ ಬಳಸಿದ ಪ್ರಯೋಗದಲ್ಲಿ ಋಣ ವಿದ್ಯುದ್ವಾರದತ್ತ ಹೋಗಬೇಕಾದ ಸೋಡಿಯಂನ ಧನ ಅಯಾನುಗಳ ಒಂದು ಪಾಲು ಸರಪಳಿಯ ಜೊತೆಗೇ ಧನ ವಿದ್ಯುದ್ವಾರದ ಕಡೆಗೆ ಸಾಗಿದ್ದು ಕಂಡುಬಂದಿತ್ತು. ಎಷ್ಟು ಸೊಗಸಾದ ಪುರಾವೆ! ಲೇಖಕರು ಇದನ್ನು ಬಿಡಬಾರದಿತ್ತು.

ದಾವಣಗೆರೆಯಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಇದೇ ಪುಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದರೆ ದ್ರಾವಣ ಮಂದವಾಗಿ ಗಾಜಿನ ಕಡ್ಡಿಯಿಂದ ಎಳೆಯಾಗಿ ಇಳಿಯುತ್ತದೆ. ಚಿತ್ರದುರ್ಗದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಾದರೆ ತೆಳ್ಳಗಾಗಿ ಹನಿ ಹನಿಯಾಗಿ ಬೀಳುತ್ತದೆ. ನೀರಿನ ಲವಣವು ವಿದ್ಯುದಂಶಗಳ ನಡುವಿನ ವಿಕರ್ಷಣೆಯನ್ನು ಮರೆಮಾಡುವುದರಿಂದ ಸರಪಳಿ ಮುದುಡಿಕೊಳ್ಳುತ್ತದೆ, ಕ್ಯಾಲ್ಸಿಯಂ ಅಂತೂ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಹೊಲಕ್ಕೆ ಹಾಕುವ ನೀರು ಹೀರುವ ಜೆಲ್ ಕೂಡ ಇದೇ ಜಾತಿಯದು, ಗಡಸು ನೀರಿನಲ್ಲಿ ಅದೂ ಕಡಿಮೆ ಹೀರುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಅಳೆದ ‘ನೂರಾರು ಪಟ್ಟು’ ಹೀರಿಕೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದರೆ ಚಳ್ಳಕೆರೆ, ಹಿರಿಯೂರಿನ ರೈತರಿಗೆ ಅದರಿಂದೇನು ಪ್ರಯೋಜನ? ಅವರ ಬೋರ್‌ವೆಲ್ ನೀರಿನಲ್ಲೇ ಅಳೆದು ತೋರಿಸಲಿ.