ಕೈ ಊರಬಾರದಿತ್ತು

ಇವತ್ತು ಬೆಳಗ್ಗೆ ನಾನು ಬಿದ್ದೆ. ಸೋಫಾದ ಮುಂದೆ ಕಾಲು ಚಾಚಿಕೊಳ್ಳಲು ಇಟ್ಟಿರುವ ಮೆತ್ತೆಯ ಮೋಟು ಸ್ಟೂಲನ್ನು ಎಡವಿ, ನಡುಮನೆಯಲ್ಲಿ, ಇಬ್ಬರು ದೊಡ್ಡ ಗಂಡಸರ ಕಣ್ಣೆದುರು ಬಿದ್ದೆ. ಮೊಣಕೈ ಇನ್ನೂ ಚುರುಚುರು ಎನ್ನುತ್ತಿದೆ. ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಸ್ಟೂಲನ್ನು ಬೈಯಿರಿ.

ಒಣಗಿದ ಬಟ್ಟೆಯನ್ನೆಲ್ಲ ತಂತಿಯಿಂದ ಬಾಚಿ ತಬ್ಬಿಕೊಂಡು ಒಳಗೆ ಬರುತ್ತಿದ್ದೆ. ಎರಡು ಸಲ ಯಾರು ಓಡಾಡುತ್ತಾರೆ ಅಂತ ಎಲ್ಲವನ್ನೂ ಒಂದೇ ಸಲಕ್ಕೆ ಹೊರುವ ಸೋಮಾರಿತನ ಇದೆಯಲ್ಲ, ಅದು. ನೀವೂ ಮಾಡ್ತೀರಿ, ಸುಳ್ಳು ಹೇಳಬೇಡಿ. ರಾಶಿ ಮೂಗಿನ ತನಕ ಬಂದಿತ್ತು. ನಿನ್ನೆ ರಾತ್ರಿ ಗೋಡೆಗೆ ಅಂಟಿಕೊಂಡಿದ್ದ ಸ್ಟೂಲು ಬೆಳಗಾಗುವುದರಲ್ಲಿ ದಾರಿ ಮಧ್ಯಕ್ಕೆ ಬಂದು ಕೂತಿತ್ತು. ಮುಂದಿನದು ಎರಡೇ ಸೆಕೆಂಡಿನ ಕೆಲಸ. ಬೆಡ್‌ಶೀಟು ಒಂದು ಕಡೆ, ನಾನೊಂದು ಕಡೆ, ತಲೆ ಮೇಲೊಂದು ಬನಿಯನ್ನು.

ನಮ್ಮನೆಯವರು ಪೇಪರಿನ ಹಿಂದಿನಿಂದಲೇ "ಏನು ಬಿತ್ತು?" ಎಂದರು. 'ಯಾರು' ಎನ್ನಲಿಲ್ಲ, 'ಏನು' ಎಂದರು. ಆ ವಿಚಾರಣೆ ಇನ್ನೊಂದು ದಿನಕ್ಕಿರಲಿ.

ಇನ್ನೊಬ್ಬ ಗಂಡಸು ನಮ್ಮಣ್ಣ. ಅವನು ಸೋಫಾದಲ್ಲಿ ಕೂತು ಮೊದಲಿನಿಂದ ಕೊನೆಯವರೆಗೂ ನೋಡಿದ್ದ. ಓಡಿ ಬರಲಿಲ್ಲ. ಅಯ್ಯೋ ಎನ್ನಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಪರೀಕ್ಷೆಯಲ್ಲಿ ಒಂದೇ ಮಾರ್ಕಿಗೆ ಫೇಲಾದ ಹುಡುಗನನ್ನು ನೋಡುವ ಮೇಷ್ಟರ ಹಾಗೆ ತಲೆಯಾಡಿಸಿ ಹೇಳಿದ: "ಕೈ ಊರಬಾರದಿತ್ತು ಪುಟ್ಟಿ."

ನಾನು ನೆಲದ ಮೇಲಿಂದಲೇ "ಏನು?" ಎಂದೆ.

"ಬೀಳೋ ಮೊದಲೇ ಕೆಳಗೆ ನೋಡಿಬಿಟ್ಟೆ. ಆಮೇಲೆ ಕೈ ಊರಿದೆ. ಅಲ್ಲೇ ಕೆಟ್ಟುಹೋಯ್ತು. ಇಲ್ಲದಿದ್ರೆ ಚೆನ್ನಾಗಿತ್ತು."

ಅಣ್ಣನ ಬಗ್ಗೆ ಹೇಳಲೇಬೇಕು. ಅತ್ತಿಗೆ ಮಗಳ ಮನೆಗೆ ಹೋದಾಗ ಎಂಟು ದಿನ ಇದ್ದು ಹೋಗ್ತೀನಿ ಅಂತ ಬಂದವನು. ಎರಡು ತಿಂಗಳಾಯಿತು. ಕೆಲಸದಿಂದ ನಿವೃತ್ತಿಯಾದ ಮೇಲೆ ಅವನು ಹೊಸದಾಗಿ ಏನನ್ನೂ ನೋಡುವುದಿಲ್ಲ. ಹಳೇ ಇಂಗ್ಲಿಷ್ ಸಿಟ್‌ಕಾಮ್‌ಗಳನ್ನೇ, ಅಂದರೆ ಟಿವಿಯ ನಗೆ ಧಾರಾವಾಹಿಗಳನ್ನೇ ನೋಡುತ್ತಾನೆ. ಅದರಲ್ಲೂ ಮಾತು ಬೇಡ, ಬೀಳಬೇಕು. ಬಾಗಿಲು ಮುಖಕ್ಕೆ ಬಡಿಯಬೇಕು, ಟ್ರೇ ಹಾರಬೇಕು, ಕುರ್ಚಿ ಮುರಿಯಬೇಕು. ಬೀಳುವ ಜಾಗ ಬಂತೆಂದರೆ ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತಾನೆ, ಮತ್ತೆ ಓಡಿಸುತ್ತಾನೆ. ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಹನ್ನೊಂದು ಸಲ ಬಿದ್ದದ್ದನ್ನು ನಾನು ಅಡುಗೆಮನೆಯಿಂದಲೇ ಎಣಿಸಿದ್ದೇನೆ.

ಇವತ್ತಿನ ನನ್ನ ಪರೀಕ್ಷೆಗೆ ಅವನಿಟ್ಟುಕೊಂಡ ಮಾದರಿ ಉತ್ತರ ಯಾವುದೆಂದು ನನಗೆ ಗೊತ್ತಿತ್ತು. ಬಿಬಿಸಿಯ 'ಓನ್ಲಿ ಫೂಲ್ಸ್ ಆಂಡ್ ಹಾರ್ಸಸ್'ನಲ್ಲಿ 1989ರ ಜನವರಿಯಲ್ಲಿ ಬಂದ ಒಂದು ಕಂತು. ಡೆಲ್ ಬಾಯ್ (ನಟ ಡೇವಿಡ್ ಜೇಸನ್) ಎನ್ನುವ ಚಿಲ್ಲರೆ ವ್ಯಾಪಾರಿ ದೊಡ್ಡ ಮನುಷ್ಯನ ಹಾಗೆ ಕೋಟು ತೊಟ್ಟು ವೈನ್ ಬಾರಿಗೆ ಬಂದಿದ್ದಾನೆ. ಜೊತೆಗೆ ಗೆಳೆಯ ಟ್ರಿಗರ್. ಹುಡುಗಿಯರು ನೋಡುತ್ತಿದ್ದಾರೆ ಎಂದುಕೊಂಡು ಕೌಂಟರಿಗೆ ಠೀವಿಯಿಂದ ಒರಗುತ್ತಾನೆ. ಅಷ್ಟರಲ್ಲಿ ಬಾರಿನವನು ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದಿರುತ್ತಾನೆ. ಡೆಲ್ ಬಾಯ್ ಒರಗಿದ ಜಾಗದಲ್ಲಿ ಏನೂ ಇಲ್ಲ. ಕಡಿದ ಮರದ ಹಾಗೆ ಪಕ್ಕಕ್ಕೆ ಉರುಳಿ ಕಾಣೆಯಾಗುತ್ತಾನೆ.

"ನೋಡು, ಮುಖ ನೋಡು," ಎಂದು ಅಣ್ಣ ನನಗೆ ಆಗಲೇ ಪಾಠ ಶುರು ಮಾಡಿದ. ನಾನಿನ್ನೂ ನೆಲದ ಮೇಲೇ ಇದ್ದೆ, ಬನಿಯನ್ನು ತಲೆ ಮೇಲೇ ಇತ್ತು. ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದಿದ್ದ. "ಡೇವಿಡ್ ಜೇಸನ್ ಕೆಳಗೆ ನೋಡ್ತಾನಾ? ನೋಡಲ್ಲ. ಕೈ ಚಾಚ್ತಾನಾ? ಚಾಚಲ್ಲ. ಬೀಳ್ತಿದೀನಿ ಅಂತ ಅವನಿಗೇ ಗೊತ್ತಿಲ್ಲ. ಅದಕ್ಕೇ ನಗು ಬರೋದು. ನಿನಗೆ ಬೀಳ್ತೀನಿ ಅಂತ ಮೊದಲೇ ಗೊತ್ತಾಗಿಬಿಡ್ತು."

"ಅಣ್ಣಾ, ಅವನ ಕೆಳಗೆ ಹಾಸಿಗೆ ಹಾಕಿರ್ತಾರೆ. ನನ್ನ ಕೆಳಗೆ ನೆಲ ಇದೆ."

"ಹಾಸಿಗೆ ಇದ್ರೂ ಕೈ ಊರದೇ ಬೀಳೋದು ಕಷ್ಟ ಕಣೇ. ಮೈ ಕೇಳಲ್ಲ."

ಅದಂತೂ ನಿಜ. ನನ್ನ ಮೈ ಕೇಳಲಿಲ್ಲ. ಆ ಕಂತನ್ನು ಬರೆದ ಜಾನ್ ಸಲಿವನ್ ಬಾರೊಂದರಲ್ಲಿ ಯಾರೋ ಹೀಗೆ ಒರಗಲು ಹೋಗಿ ಅರ್ಧಕ್ಕೆ ಸಾವರಿಸಿಕೊಂಡಿದ್ದನ್ನು ಕಂಡಿದ್ದರಂತೆ. ಆ ಅರ್ಧವನ್ನು ಪೂರ್ತಿ ಮಾಡಿದ್ದು ಜೇಸನ್. ಈ ಕತೆ ನನಗೆ ಗೊತ್ತಿರುವುದು ಯಾಕೆಂದರೆ ಅಣ್ಣ ಅದನ್ನು ಊಟದ ಹೊತ್ತಿನಲ್ಲಿ ನಾಲ್ಕು ಸಲ ಹೇಳಿದ್ದಾನೆ. ನಾಲ್ಕನೇ ಸಲ ಎದ್ದು ಮಾಡಿ ತೋರಿಸಲು ಹೊರಟಾಗ ನಮ್ಮನೆಯವರು ಮೊದಲ ಬಾರಿಗೆ ಪೇಪರ್ ಕೆಳಗಿಟ್ಟರು.

ಆದರೆ ನನಗೆ ಆ ದೃಶ್ಯದಲ್ಲಿ ಇಷ್ಟವಾಗುವುದು ಅವನು ಬೀಳುವುದಕ್ಕಿಂತ ಆಮೇಲೆ ಆಗುವುದು. ಟ್ರಿಗರ್ ತಿರುಗಿ ನೋಡುತ್ತಾನೆ, ಪಕ್ಕದಲ್ಲಿದ್ದವನು ಮಾಯ. ಎಲ್ಲಿ ಹೋದ ಅಂತ ಅತ್ತಿತ್ತ ನೋಡುತ್ತಾನೆ. ಡೆಲ್ ಬಾಯ್ ಎದ್ದು ಕೋಟು ಸರಿಮಾಡಿಕೊಂಡು, ಬೇಗ ಕುಡಿ, ಹೊರಡೋಣ ಎನ್ನುತ್ತಾನೆ. ಅಷ್ಟೇ. ಬಿದ್ದ ಮಾತೇ ಇಲ್ಲ. ನಾವೂ ಹಾಗೇ ಅಲ್ವಾ? ಬಿದ್ದವರು ಮೊದಲು ಮೊಣಕಾಲು ನೋಡಿಕೊಳ್ಳುವುದಿಲ್ಲ, ಯಾರಾದರೂ ನೋಡಿದರಾ ಅಂತ ಸುತ್ತ ನೋಡುತ್ತಾರೆ. ರಸ್ತೆಯಲ್ಲಾದರೆ ಹಿಂದೆ ತಿರುಗಿ ಕಲ್ಲನ್ನೊಮ್ಮೆ ದುರುಗುಟ್ಟುತ್ತೇವೆ. ತಪ್ಪು ನಮ್ಮದಲ್ಲ ಅಂತ ದಾರಿಹೋಕರಿಗೆ ಗೊತ್ತಾಗಬೇಕಲ್ಲ. ನಾನೂ ಬೆಳಗ್ಗೆ ಎದ್ದವಳೇ, ಬೇಕಂತಲೇ ಕೂತಿದ್ದೆ ಎನ್ನುವ ಹಾಗೆ ಅಲ್ಲೇ ಬಟ್ಟೆ ಮಡಚಲು ಶುರು ಮಾಡಿದೆ.

ಇದನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಅವನ ಇನ್ನೊಂದು ಅಭ್ಯಾಸ. ಮುಂದೆ ಏನಾಗುತ್ತದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತಾನೆ. "ಈಗ ಬೀಳ್ತಾನೆ ನೋಡು." ಬೀಳುವುದಕ್ಕೆ ಸರಿಯಾಗಿ ಮೂರು ಸೆಕೆಂಡು ಮುಂಚೆ. ಕೈಯೆತ್ತಿ ಬೆರಳು ತೋರಿಸಿ, ರೈಲು ಬರುತ್ತಿದೆ ಎನ್ನುವ ಹಾಗೆ. "ಬಂತು. ಬಂತು. ಈಗ ಬೀಳ್ತಾನೆ... ಬಿದ್ದ!" ಕೊನೆಗೆ ನಗುವವನೂ ಅವನೇ. ನಾವು ನಗದಿದ್ದರೆ ನಮ್ಮ ಮುಖ ನೋಡುತ್ತಾನೆ. ಅರ್ಥವಾಗಲಿಲ್ಲವೇನೋ ಅಂತ ಮತ್ತೆ ಹಿಂದಕ್ಕೆ ಓಡಿಸುತ್ತಾನೆ.

1950ರ ದಶಕದಲ್ಲಿ ಅಮೆರಿಕದ ಸೌಂಡ್ ಎಂಜಿನಿಯರ್ ಚಾರ್ಲಿ ಡಗ್ಲಸ್ ಒಂದು ನಗುವ ಯಂತ್ರ ಮಾಡಿದ್ದರು. ಗುಂಡಿ ಒತ್ತಿದರೆ ಒಂದು ಥರದ ನಗು, ಇನ್ನೊಂದಕ್ಕೆ ಇನ್ನೊಂದು ಥರ. ಟಿವಿ ಕಾರ್ಯಕ್ರಮಗಳಿಗೆ ಬೇಕಾದಲ್ಲಿ ಆ ನಗು ಸೇರಿಸುತ್ತಿದ್ದರು. ಒಳಗೇನಿದೆ ಅಂತ ಯಾರೂ ನೋಡದಿರಲೆಂದು ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರಂತೆ. ನಮ್ಮನೆಯ ಯಂತ್ರಕ್ಕೆ ಆ ಬೀಗ ಎಲ್ಲಿ ಸಿಗುತ್ತದೋ ಹುಡುಕುತ್ತಿದ್ದೇನೆ.

ಅಣ್ಣನ ಜೊತೆ ಕೂತು ನಾನೂ ನಗುವ ದೃಶ್ಯ ಒಂದಿದೆ, ಒಪ್ಪಿಕೊಳ್ಳುತ್ತೇನೆ. ಅದರಲ್ಲಿ ಯಾರೂ ಬೀಳುವುದಿಲ್ಲ. ಅಮೆರಿಕದ ಟಿವಿ ಶೋ 'ಐ ಲವ್ ಲೂಸಿ'ಯ 1952ರ ಒಂದು ಕಂತು. ಲೂಸಿಲ್ ಬಾಲ್ ಮತ್ತು ವಿವಿಯನ್ ವ್ಯಾನ್ಸ್ ಚಾಕೊಲೇಟ್ ಕಾರ್ಖಾನೆಯಲ್ಲಿ ಬೆಲ್ಟಿನ ಮುಂದೆ ನಿಂತಿರುತ್ತಾರೆ. ಬೆಲ್ಟಿನ ಮೇಲೆ ಬರುವ ಒಂದೊಂದು ಚಾಕೊಲೇಟಿಗೂ ಕಾಗದ ಸುತ್ತಬೇಕು. ಒಂದು ತಪ್ಪಿದರೂ ಕೆಲಸ ಹೋಯಿತು. ಮೊದಲು ನಿಧಾನ, ಆಮೇಲೆ ಜೋರು. ಸುತ್ತಲಾಗದ್ದನ್ನು ಬಾಯಿಗೆ ತುರುಕುತ್ತಾರೆ, ಟೋಪಿಯೊಳಗೆ ತುಂಬುತ್ತಾರೆ, ಅಂಗಿಯೊಳಗೆ ಹಾಕಿಕೊಳ್ಳುತ್ತಾರೆ. ಮೇಲ್ವಿಚಾರಕಿ ಬಂದು ನೋಡುತ್ತಾಳೆ. ಬೆಲ್ಟು ಖಾಲಿ. ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂದುಕೊಂಡು, ಇನ್ನೂ ಸ್ವಲ್ಪ ಜೋರಾಗಿ ಓಡಿಸಿ ಅಂತ ಕೂಗುತ್ತಾಳೆ.

ಆ ಬೆಲ್ಟು ನನಗೆ ಚೆನ್ನಾಗಿ ಗೊತ್ತು. ನಮ್ಮನೆ ಸಿಂಕು ಅದೇ. ಒಗೆಯುವ ಬಟ್ಟೆಯ ಬುಟ್ಟಿ ಅದೇ. ಖಾಲಿ ಕಂಡರೆ ಸಾಕು, ಯಾರೋ ಎಲ್ಲಿಂದಲೋ ಒಂದು ಲೋಟ ತಂದು ಇಡುತ್ತಾರೆ. ಅಣ್ಣನಿಗೆ ಈ ದೃಶ್ಯ ಅಷ್ಟು ಹಿಡಿಸುವುದಿಲ್ಲ. "ಚೆನ್ನಾಗಿದೆ, ಆದ್ರೆ ಯಾರೂ ಬೀಳಲ್ಲ," ಎನ್ನುತ್ತಾನೆ. ಅವನು ಆ ಬೆಲ್ಟಿನ ಮುಂದೆ ನಿಂತವನಲ್ಲ, ಲೋಟ ತಂದು ಇಡುವ ಪಕ್ಷ.

ಅವನ ಪಾಲಿನ ದೇವರು ಮೈಕಲ್ ಕ್ರಾಫರ್ಡ್. 1973ರಲ್ಲಿ ಶುರುವಾದ 'ಸಮ್ ಮದರ್ಸ್ ಡೂ ಆವ್ ಎಮ್'ನಲ್ಲಿ, ಮುಟ್ಟಿದ್ದೆಲ್ಲ ಮುರಿಯುವ ಫ್ರಾಂಕ್ ಸ್ಪೆನ್ಸರ್. ಸಾಹಸದ ಕೆಲಸವನ್ನೆಲ್ಲ ತಾನೇ ಮಾಡುತ್ತಿದ್ದ. ಚಕ್ರದ ಶೂ ಹಾಕಿಕೊಂಡು ಲಾರಿಯ ಅಡಿಯಿಂದ ನುಗ್ಗಿ ಆಚೆ ಬರುವುದನ್ನು ನೋಡಿದರೆ ನನಗೆ ನಗುವಿಗಿಂತ ಮೊದಲು ಹೊಟ್ಟೆ ಹಿಂಡುತ್ತದೆ. ಅದೇ ಮನುಷ್ಯ 1986ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ಮುಖವಾಡ ಹಾಕಿಕೊಂಡು 'ದಿ ಫ್ಯಾಂಟಮ್ ಆಫ್ ದಿ ಆಪೆರಾ'ದ ಫ್ಯಾಂಟಮ್ ಆಗಿ ಹಾಡಿ ಜನರನ್ನು ಮರುಳುಮಾಡಿದ. ಇದನ್ನು ಹೇಳುವಾಗ ಅಣ್ಣನ ದನಿಯಲ್ಲಿ ಒಂದು ಬೇಸರ ಇರುತ್ತದೆ. ಚೆನ್ನಾಗಿ ಬೀಳುತ್ತಿದ್ದ ಹುಡುಗ, ಸುಮ್ನೆ ಹಾಡೋಕೆ ಹೋಗಿ ಹಾಳಾದ ಎನ್ನುವ ಹಾಗೆ.

ಇನ್ನು ಸ್ಟೂಲಿನ ವಿಷಯ. ಅಂಗಡಿಯವರು ಅದನ್ನು ಒಟ್ಟೋಮನ್ ಎನ್ನುತ್ತಾರೆ. ತಂದದ್ದು ಅಣ್ಣ, ಮಂಡಿನೋವಿಗೆ ಅಂತ. ಅದನ್ನು ಅವನು ತಂದ ನಿಜವಾದ ಕಾರಣ 'ದಿ ಡಿಕ್ ವ್ಯಾನ್ ಡೈಕ್ ಶೋ' ಎನ್ನುವುದು ನನ್ನ ಗುಮಾನಿ. 1961ರಿಂದ 1966ರವರೆಗೆ ಬಂದ ಆ ಶೋದಲ್ಲಿ, ಎರಡನೇ ಸರಣಿಯಿಂದ ಶುರುವಿನಲ್ಲಿ ಹೆಸರುಗಳು ಬರುವಾಗ, ಡಿಕ್ ವ್ಯಾನ್ ಡೈಕ್ ಆಫೀಸಿನಿಂದ ಮನೆಯೊಳಗೆ ಬಂದು ಇಂಥದ್ದೇ ಸ್ಟೂಲು ಎಡವಿ ಲಾಗ ಹೊಡೆದು ಬೀಳುತ್ತಾನೆ. ಆ ಶುರು ಮೂರು ಥರ ಇತ್ತು, ಇದು ಮೊದಲನೇದು. ಎರಡನೇದರಲ್ಲಿ ಸ್ಟೂಲನ್ನು ನಾಜೂಕಾಗಿ ತಪ್ಪಿಸಿಕೊಂಡು ಹೋಗುತ್ತಾನೆ. ಮೂರನೇದರಲ್ಲಿ ಸ್ಟೂಲು ತಪ್ಪಿಸಿಕೊಂಡು, ಗೆದ್ದೆ ಎನ್ನುವಷ್ಟರಲ್ಲಿ ಕಾಲು ಎಡವುತ್ತದೆ. ಪ್ರತಿ ವಾರ ಯಾವುದು ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತಿರಲಿಲ್ಲ. ಅಣ್ಣನಿಗೆ ಇದೊಂದೇ ಜಾಗದಲ್ಲಿ "ಈಗ ಬೀಳ್ತಾನೆ" ಅಂತ ಗಟ್ಟಿಯಾಗಿ ಹೇಳಲು ಆಗುವುದಿಲ್ಲ. "ಬೀಳ್ತಾನೇನೋ" ಎನ್ನುತ್ತಾನೆ. ನನಗೆ ಅದೇ ಸಮಾಧಾನ.

ಬೆಳಗ್ಗೆಯ ಸಿಟ್ಟಿನಲ್ಲಿ ನಾನು ಅವನಿಗೆ ಹೇಳಿಯೇಬಿಟ್ಟೆ. "ಏನಣ್ಣಾ, ಬೀಳೋ ಮೊದಲೇ ಹೇಳಿಬಿಟ್ರೆ ನೋಡೋದಾದ್ರೂ ಯಾಕೆ? ಯಾರು ಕಲಿಸಿದ್ರು ನಿಂಗೆ ಈ ದರಿದ್ರ ಅಭ್ಯಾಸ?"

ಅವನು ಮೊಬೈಲು ಆಫ್ ಮಾಡಿದ. "ಅಮ್ಮಂಗೆ ಹೇಳಿ ಹೇಳಿ ಬಂದಿದ್ದು ಕಣೇ," ಎಂದ.

ಆಗ ನೆನಪಾಯಿತು. ಅಮ್ಮನಿಗೆ ಬೀಳುವ ದೃಶ್ಯಗಳೆಂದರೆ ಪ್ರಾಣ. ಮಿಸ್ಟರ್ ಬೀನ್ ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು "ಅಯ್ಯೋ ಪಾಪ, ಅಯ್ಯೋ ಪಾಪ" ಎನ್ನುತ್ತ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದಳು. ಇಂಗ್ಲಿಷ್ ಬರುತ್ತಿರಲಿಲ್ಲ, ಅಲ್ಲಿ ಬೇಕಾಗಿಯೂ ಇರಲಿಲ್ಲ. ಆಮೇಲೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಶನ್ ಆಗಿ ಮನೆಗೆ ಬಂದವಳು ಅಣ್ಣನ ಮನೆಯಲ್ಲೇ ಇದ್ದಳು. ಟಿವಿಯಲ್ಲಿ ಯಾರಾದರೂ ಬಿದ್ದರೆ ಸಾಕು, ಬೆಚ್ಚಿ ಮಂಚದ ಕಂಬಿ ಹಿಡಿದುಕೊಳ್ಳುತ್ತಿದ್ದಳು. ಆದರೆ ಟಿವಿ ಆರಿಸಲು ಬಿಡುತ್ತಿರಲಿಲ್ಲ. ಅದಕ್ಕೇ ಅಣ್ಣ ಪಕ್ಕದಲ್ಲಿ ಕೂತು ಮುಂಚೆಯೇ ಹೇಳುತ್ತಿದ್ದ. "ಅಮ್ಮಾ, ಈಗ ಬೀಳ್ತಾನೆ. ಏನೂ ಆಗಲ್ಲ. ಕೆಳಗೆ ಹಾಸಿಗೆ ಹಾಕಿದಾರೆ." ಬಿದ್ದ ಮೇಲೆ ಅವಳು ಅವನ ಮುಖ ನೋಡುತ್ತಿದ್ದಳು. ಅವನು ನಗುತ್ತಿದ್ದ. ಆಮೇಲೆ ಅವಳೂ ನಗುತ್ತಿದ್ದಳು.

ನಾನು ಆಗ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಇಷ್ಟು ನೋಡಿದ್ದೆ, ಮರೆತಿದ್ದೆ.

ಮಾತು ಬದಲಿಸಲು ಅಣ್ಣನೇ ಎದ್ದ. ಕೆಳಗೆ ಬಿದ್ದಿದ್ದ ದಿಂಬಿನ ಕವರುಗಳನ್ನು ಎತ್ತಿಕೊಟ್ಟ. ಅಂತೂ ಇಪ್ಪತ್ತು ನಿಮಿಷದ ಮೇಲೆ "ಮೊಣಕೈ ತೋರ್ಸು" ಎಂದ. ನೋಡಿ, "ಊತ ಇಲ್ಲ. ಆದ್ರೂ ಐಸ್ ಇಡು" ಅಂದ. ತಾನೇ ತರ್ತೀನಿ ಅಂತ ಅಡುಗೆಮನೆ ಕಡೆ ಹೊರಟ. ದಾರಿಯಲ್ಲಿ ಸ್ಟೂಲು ಇತ್ತು. ನಾನು ಬಿದ್ದ ಮೇಲೂ ಅದನ್ನು ಯಾರೂ ಸರಿಸಿರಲಿಲ್ಲ, ನೋಡಿ. ಅಣ್ಣ ಅದರ ಮುಂದೆ ಒಂದು ಗಳಿಗೆ ನಿಂತ. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಮಂಡಿನೋವಿನ ಮನುಷ್ಯ, ಸೊಂಟ ಬಳುಕಿಸಿ, ಸ್ಟೂಲಿನ ಪಕ್ಕದಿಂದ ಎಷ್ಟು ಚೆಂದಾಗಿ ನುಸುಳಿದನೆಂದರೆ ನಮ್ಮನೆಯವರು ಪೇಪರಿನ ಮೇಲಿನಿಂದ ನೋಡಿದರು.

ಅಲ್ಲೇ, ಸ್ಟೂಲಿನ ಆಚೆ, ನಾನು ಮಡಚದೆ ಬಿಟ್ಟಿದ್ದ ಬೆಡ್‌ಶೀಟು ಹರಡಿಕೊಂಡಿತ್ತು.

"ಅಣ್ಣಾ, ಈಗ ಬೀಳ್ತೀಯ," ಎಂದು ಬಾಯಿ ತೆರೆಯುವಷ್ಟರಲ್ಲಿ ಕಾಲು ಸಿಕ್ಕಿಕೊಂಡಿತು. ಎರಡು ಹೆಜ್ಜೆ ತಡವರಿಸಿ, ಕೈ ಬೀಸಿ, ಫ್ರಿಜ್ಜಿನ ಹಿಡಿ ಹಿಡಿದು ನಿಂತ. ಬೀಳಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದುಕೊಂಡಿತು. ಅದಕ್ಕೆಂದೇ ಅಷ್ಟು ಬೇಗ ಬಂದವನ ಹಾಗೆ ಒಳಗೆ ಇಣುಕಿ ನೋಡಿದ. ಅಂಗಿ ಸರಿಮಾಡಿಕೊಂಡ.

"ಇದು ಮೂರನೇದು," ಎಂದ, ನನ್ನ ಕಡೆ ನೋಡದೆ.