ಇಳಿಯದವರ ವಿಮರ್ಶೆ

‘ಪೈಲಟ್‌ವಿಂಗ್ಸ್ 64’ ಎಂಬ, ಆಕಾಶದಲ್ಲಿ ಹಾರಿ ಗುರುತಿನ ಮೇಲೆ ಇಳಿಯುವ ವಿಡಿಯೊ ಗೇಮಿನ ಮಾತೆತ್ತಿದರೆ ಸಾಕು, ‘ಆಹಾ, ಎಂಥ ನೆಮ್ಮದಿಯ ಆಟ!’ ಎನ್ನುವವರು ಎಲ್ಲಿಂದಲೋ ಹಾಜರಾಗುತ್ತಾರೆ. ದಿನವಿಡೀ ಮೀಟಿಂಗುಗಳಲ್ಲಿ ತಲೆಯಾಡಿಸಿ, ಮಕ್ಕಳನ್ನು ಮಲಗಿಸಿ, ಪಾತ್ರೆಗಳನ್ನು ಡಿಶ್‌ವಾಷರಿಗೆ ತುಂಬಿದ ಮೇಲೆ ಉಳಿಯುವ ಅರ್ಧ ಗಂಟೆಯಲ್ಲಿ ಆ ನೆಮ್ಮದಿಯನ್ನು ಅರಸಿ ಹೊರಟ ನನಗೆ ನಿನ್ನೆ ರಾತ್ರಿ ದಕ್ಕಿದ್ದು ಒಂದು ಅಂಕಪಟ್ಟಿ. ನೆಲ ಮುಟ್ಟಿದ ರಭಸಕ್ಕೆ ಅಂಕ ಕಡಿತ, ಗುರುತಿನಿಂದ ದೂರ ಇಳಿದದ್ದಕ್ಕೆ ಅಂಕ ಕಡಿತ, ತಡವಾದದ್ದಕ್ಕೆ ಮತ್ತಷ್ಟು ಕಡಿತ. ಇಷ್ಟನ್ನು ನನ್ನ ಮ್ಯಾನೇಜರ್ ಹಗಲಿನಲ್ಲಿಯೇ ಪುಕ್ಕಟೆಯಾಗಿ ಮಾಡಿಕೊಡುತ್ತಾರೆ.

1996ರಲ್ಲಿ ನಿಂಟೆಂಡೊ ಕಂಪನಿಯ ‘ನಿಂಟೆಂಡೊ 64’ ಎಂಬ ಗೇಮ್ ಯಂತ್ರ ಅಮೆರಿಕದ ಅಂಗಡಿಗಳಿಗೆ ಬಂದ ದಿನ ಅದರ ಜೊತೆಗಿದ್ದದ್ದು ಎರಡೇ ಆಟಗಳು. ಒಂದು ಇದು, ಇನ್ನೊಂದು ‘ಸೂಪರ್ ಮಾರಿಯೊ 64’. ಜಂಬೂಸವಾರಿಯಲ್ಲಿ ಅಂಬಾರಿ ಹೊತ್ತ ಆನೆಯ ಪಕ್ಕದಲ್ಲಿ ನಡೆಯುವ ಕುದುರೆಯನ್ನು ಯಾರು ನೋಡುತ್ತಾರೆ? ವಿಮರ್ಶಕರು ದೃಶ್ಯಗಳನ್ನು ಹೊಗಳಿದರು, ಕಂಟ್ರೋಲರಿನ ಕೋಲನ್ನು ಎಷ್ಟು ಬಾಗಿಸಿದರೆ ಅಷ್ಟೇ ವಾಲುವ ಹಾರಾಟವನ್ನು ಮೆಚ್ಚಿದರು, ಆಮೇಲೆ ಮಾರಿಯೊ ಕಡೆಗೆ ತಿರುಗಿಬಿಟ್ಟರು. ಇರುವುದು ನಾಲ್ಕೇ ದ್ವೀಪ, ವೇಗ ಸಾಲದು ಎಂದು ಗೊಣಗುವವರು ಇಂದಿಗೂ ಇದ್ದಾರೆ. ಆದರೆ ಇಳಿಯುವ ಕಷ್ಟವನ್ನು ಬಲ್ಲವರಿಗೆ ಈ ಆಟದ ಹುಟ್ಟು ಆಶ್ಚರ್ಯ ತರುವುದಿಲ್ಲ. ನಿಂಟೆಂಡೊ ಜೊತೆ ಸೇರಿ ಇದನ್ನು ರೂಪಿಸಿದ್ದು ನಾನಿರುವ ಈ ಡಲ್ಲಾಸ್ ಕಡೆಯದೇ ಆದ ಪ್ಯಾರಡೈಮ್ ಸಿಮ್ಯುಲೇಷನ್. ಸೈನಿಕ ತರಬೇತಿಯ ಸಿಮ್ಯುಲೇಟರ್‌ಗಳಲ್ಲಿ ಪಳಗಿದ್ದ ಸಂಸ್ಥೆ. ಅಂಥವರು ಅಂಕ ಕೊಡುವಾಗ ಕೈ ಸಡಿಲ ಬಿಡುತ್ತಾರೆಯೇ?

ಅವರನ್ನಾದರೂ ಸಹಿಸಬಹುದು, ನನ್ನ ಭಾವಮೈದುನನನ್ನು ಸಹಿಸುವುದು ಕಷ್ಟ. ರಜೆಗೆಂದು ಬಂದಿರುವ ಆತ ಜಗತ್ತಿನ ಸಕಲ ವಸ್ತುಗಳಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಸ್ವಭಾವದವನು. ಅಕ್ಕ ಮಾಡಿದ ತಿಳಿಸಾರಿಗೆ ಎಂಟು, ನಮ್ಮ ಸೋಫಾಕ್ಕೆ ಆರೂವರೆ, ಪಕ್ಕದ ಮನೆಯ ನಾಯಿಗೆ ಒಂಬತ್ತು. ಆ ಸೋಫಾದ ಮೇಲೆಯೇ ಕಾಲು ಚಾಚಿ, ಚಕ್ಕುಲಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ನಾನು ಉಸಿರು ಬಿಗಿಹಿಡಿದು ಗ್ಲೈಡರನ್ನು ಗುರುತಿನತ್ತ ತರುವ ಹೊತ್ತಿಗೆ ಸರಿಯಾಗಿ ಚಕ್ಕುಲಿಯನ್ನು ಕಟಂ ಎಂದು ಕಡಿದು ಹೇಳುತ್ತಾನೆ: ‘ಭಾವ, ಸ್ವಲ್ಪ ಮೂತಿ ಎತ್ತಬೇಕಿತ್ತು. ಆದರೂ ಪರವಾಗಿಲ್ಲ, ಐದೂಮುಕ್ಕಾಲು.’ ಆ ಮುಕ್ಕಾಲು ಎಲ್ಲಿಂದ ಬಂತು ಎಂದು ಕೇಳಿದರೆ, ‘ಪ್ರಯತ್ನಕ್ಕೆ’ ಎನ್ನುತ್ತಾನೆ. ಗೈರೊಕಾಪ್ಟರ್ ಎಂಬ ಪುಟ್ಟ ಹೆಲಿಕಾಪ್ಟರಿನಂಥ ವಾಹನದಲ್ಲಿ ಅಮೆರಿಕದ ಆಕಾರದ ದ್ವೀಪದ ಮೇಲೆ ಹಾರುತ್ತಿದ್ದಾಗ, ಅಧ್ಯಕ್ಷರ ಮುಖಗಳ ಕೆತ್ತನೆಗೆ ಹೆಸರಾದ ಮೌಂಟ್ ರಶ್‌ಮೋರಿನಲ್ಲಿ ಕೆತ್ತಿರುವ ಮಾರಿಯೊ ಮುಖಕ್ಕೆ ಕ್ಷಿಪಣಿ ಹೊಡೆಯಿರಿ ಎಂದು ಪೀಡಿಸಿದ, ಹೊಡೆದೆ. ಮುಖ ಮಾರಿಯೊನ ಎದುರಾಳಿ ವಾರಿಯೊನದಾಗಿ ಬದಲಾಯಿತು. ‘ಹತ್ತಕ್ಕೆ ಹತ್ತು!’ ಎಂದು ಕುಣಿದ. ಅಂಕ ನನಗಲ್ಲ, ಬಂಡೆಗೆ.

ಇದೇ ಆಟದಲ್ಲಿ ರೆಕ್ಕೆ ಕಟ್ಟಿಕೊಂಡು ಹಕ್ಕಿಯಾಗಿ ಹಾರುವ ಒಂದು ಬಗೆಯೂ ಇದೆ. ಅದರಲ್ಲಿ ಸಮಯದ ಮಿತಿಯಿಲ್ಲ, ಪದಕವಿಲ್ಲ, ಅಂಕವೇ ಇಲ್ಲ. ಕೆಳಗೆ ದ್ವೀಪ ನಿಧಾನವಾಗಿ ಸರಿಯುತ್ತಿರುತ್ತದೆ, ಹಿನ್ನೆಲೆಯಲ್ಲಿ ಇಂಪಾದ ಸಂಗೀತ. ಯಾರೂ ಲೆಕ್ಕ ಇಡದಿರುವಾಗ ಒಂದು ಕೆಲಸವನ್ನು ಸುಮ್ಮನೆ ಮಾಡಿದ್ದು ಯಾವಾಗ ಎಂದು ಅಲ್ಲಿ ಹಾರುತ್ತಾ ಯೋಚಿಸಿದೆ; ಶಾಲೆಗೆ ಸೇರುವ ಮುಂಚಿನ ಕಾಲವೇ ಇರಬೇಕು. ನೆಮ್ಮದಿಯ ಆಟ ಎಂದು ಹೊಗಳುವವರೆಲ್ಲ ಬಹುಶಃ ಈ ರೆಕ್ಕೆಯನ್ನು ಕಳಚಿಯೇ ಇಲ್ಲ. ಅವರ ಅಭಿಪ್ರಾಯವನ್ನು ನಾನೂ ಅನುಮೋದಿಸಬಹುದಿತ್ತು.

ಆದರೆ ಭಾವಮೈದುನನಿಗೆ ಅಂಕವಿಲ್ಲದ ಹಾರಾಟ ಸಹಿಸಲಾಗಲಿಲ್ಲ. ‘ಭಾವ, ಇದರಲ್ಲಿ ಗೆದ್ದಿರೋ ಸೋತಿರೋ ಗೊತ್ತಾಗುವುದು ಹೇಗೆ?’ ಎಂದು ಕಳವಳದಿಂದ ಕೇಳಿದ. ಹಾಗಾದರೆ ನೀನೇ ಒಮ್ಮೆ ಇಳಿಸಿ ತೋರಿಸಪ್ಪಾ ಎಂದು ಕಂಟ್ರೋಲರ್ ಮುಂದೆ ಹಿಡಿದೆ. ಕೈಗೆ ಚಕ್ಕುಲಿಯ ಎಣ್ಣೆ ಅಂಟಿದೆ ಎಂದು ಎರಡೂ ಅಂಗೈ ತೋರಿಸಿದ.